ಒತ್ತು ಅಂದರು, ಒತ್ತಿದಳು

ಸ್ಟಾಕ್‌ಹೋಮ್ ಪಕ್ಕದ ಸೊಲ್ಲೆಂಟುನಾದ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಪದ್ಧತಿ ಬೆಳೆದು ನಿಂತಿದೆ. ಸಂಜೆ ಗಂಡ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾನೆ. ಹೆಂಡತಿ ಒಲೆಯ ಹತ್ತಿರ ನಿಂತಿರುತ್ತಾಳೆ. ಅವಳ ಹೆಸರಿನಲ್ಲಿ ಏನೋ ಒಂದು ಕಾಗದ ಆಗಬೇಕು. ಗಂಡ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿ, ಪರದೆಯ ಮೇಲಿನ ಕಪ್ಪುಬಿಳುಪಿನ ಚೌಕ ತೋರಿಸಿ, "ಇದನ್ನ ಸ್ಕ್ಯಾನ್ ಮಾಡಿ ಕೋಡ್ ಒತ್ತು" ಎನ್ನುತ್ತಾನೆ. ಅವಳು ಸೌಟನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಫೋನ್ ಹಿಡಿದು ಒತ್ತುತ್ತಾಳೆ. ಕರೆಂಟಿನ ಕರಾರೋ, ಮಗುವಿನ ಡಾಗಿಸ್ ಅಂದರೆ ಶಿಶುವಿಹಾರದ ಅರ್ಜಿಯೋ, ತೆರಿಗೆಯ ಕಾಗದವೋ, ಯಾವುದಕ್ಕೆ ಸಹಿ ಬಿತ್ತೆಂದು ಅವಳಿಗೆ ತಿಳಿಯದು. ಕೇಳಿದರೆ "ಅದೆಲ್ಲ ನಾನು ನೋಡಿದ್ದೀನಿ ಬಿಡು" ಎಂಬ ಉತ್ತರ ಬಾಯಲ್ಲೇ ಇರುತ್ತದೆ.

ಅವಳು ಹೀಗೆ ಒತ್ತುವ ಬ್ಯಾಂಕ್‌ಐಡಿ ಎಂಬ ಫೋನಿನ ಆ್ಯಪು ಆಟದ ಸಾಮಾನಲ್ಲ. ಈ ದೇಶದಲ್ಲಿ ಅದು ನಿಮ್ಮ ಸಹಿ, ನಿಮ್ಮ ಹೆಬ್ಬೆಟ್ಟು. ಫೋನಿನಲ್ಲಿ ಆ ಆರಂಕಿಯ ಕೋಡ್ ಒತ್ತಿದರೆ ನೀವೇ ಖುದ್ದಾಗಿ ಹೋಗಿ ಒಪ್ಪಿ ಸಹಿ ಹಾಕಿ ಬಂದ ಲೆಕ್ಕ. ಅದನ್ನು ಓದದೆ ಒತ್ತುವ ಅಭ್ಯಾಸ ಎಲ್ಲಿಗೆ ಒಯ್ಯುತ್ತದೆ ಎನ್ನುವುದಕ್ಕೆ ಕಾಂಚನಾಳ ಕಥೆ ಇದೆ. ಹಿತವಾದ ಕಥೆಯಲ್ಲ. ಹಿತವಾಗಿ ಹೇಳಿ ಪ್ರಯೋಜನವೂ ಇಲ್ಲ.

ಕಾಂಚನಾ ತುಮಕೂರಿನವಳು, ಬಿಕಾಂ ಮುಗಿಸಿದವಳು. ಗಂಡ ಅನಂತಕೃಷ್ಣ ಪಕ್ಕದೂರು ಕಿಸ್ತಾದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆಯ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಹೌದು, ಸರಿಯಾಗಿಯೇ ಓದಿದಿರಿ, ಭದ್ರತೆಯ ವಿಭಾಗ. ಆರು ವರ್ಷದ ಹಿಂದೆ ಅವನ ವರ್ಕ್ ಪರ್ಮಿಟ್ಟಿನ ಬೆನ್ನಿಗೆ ಕಾಂಚನಾ ಮತ್ತು ಮಗಳು ಇರಾ ಇಲ್ಲಿಗೆ ಬಂದರು. ಕಾಂಚನಾ ಸುಮ್ಮನೆ ಕೂರುವ ಜಾತಿಯಲ್ಲ. ಮಂಜಿನಲ್ಲಿ ಜಾರಿ ಬೀಳುತ್ತಾ ಏಳುತ್ತಾ ಸ್ವೀಡಿಷ್ ತರಗತಿಗೆ ಹೋಗಿ ಪಾಸು ಮಾಡಿದಳು. ಆಮೇಲೆ ಒಂದು ಡಾಗಿಸಿನಲ್ಲಿ ಗಂಟೆಗೂಲಿಯ ಕೆಲಸ ಹಿಡಿದಳು. ಬೆಳಿಗ್ಗೆ ಆರಕ್ಕೆ ಮೆಸೇಜು ಬಂದರೆ ಅಂದು ಕೆಲಸ ಉಂಟು, ಬಾರದಿದ್ದರೆ ಇಲ್ಲ. ಎರಡು ವರ್ಷ ಹೀಗೇ ನಡೆಯಿತು.

ಕಳೆದ ಚಳಿಗಾಲದಲ್ಲಿ ಅವಳಿಗೆ ಒಂದು ಬಾಗಿಲು ತೆರೆಯಿತು. ವಯಸ್ಸಾದವರ ಮನೆಗೆ ಹೋಗಿ ನೋಡಿಕೊಳ್ಳುವ ಸೇವಾ ಘಟಕವೊಂದರ ಮೇಲ್ವಿಚಾರಕಿ ಕಾಂಚನಾಳ ಜೊತೆ ಮಾತಾಡಿ ಮೆಚ್ಚಿಕೊಂಡಳು. ಕಾಯಂ ಹುದ್ದೆ ಇದೆ, ಆಗಸ್ಟ್ ಕೊನೆಯೊಳಗೆ ಡ್ರೈವಿಂಗ್ ಲೈಸೆನ್ಸ್ ತಂದರೆ ಹುದ್ದೆ ನಿನ್ನದೇ ಎಂದಳು. ತುಮಕೂರಿನ ಲೈಸೆನ್ಸು ಇಲ್ಲಿ ನಡೆಯುವ ಕಾಲ ಎಂದೋ ಮುಗಿದಿತ್ತು. ಇಲ್ಲಿ ಹೊಸದಾಗಿ ಲೈಸೆನ್ಸ್ ಮಾಡಿಸುವುದೆಂದರೆ ತರಗತಿ, ಪರೀಕ್ಷೆ, ಮತ್ತೆ ತರಗತಿ, ಕೈ ಸುಟ್ಟುಹೋಗುವಷ್ಟು ಖರ್ಚು. ಕಾಂಚನಾ ಎದೆಗುಂದಲಿಲ್ಲ. ಎರಡು ವರ್ಷದ ಗಂಟೆಗೂಲಿಯಲ್ಲಿ ಉಳಿಸಿದ ಮೂವತ್ತೆಂಟು ಸಾವಿರ ಕ್ರೋನಾ ಅವಳದೇ ಖಾತೆಯಲ್ಲಿತ್ತು. ಜುಲೈನಲ್ಲಿ ಶುರುವಾಗುವ ಡ್ರೈವಿಂಗ್ ಶಾಲೆಯ ತರಬೇತಿಗೆ ಮೊದಲೇ ಹೆಸರು ಬರೆಸಿದಳು. ದುಡ್ಡು ಕಟ್ಟುವುದೊಂದು ಬಾಕಿ.

ಅಭ್ಯಾಸಕ್ಕೆ ಕರೆದುಕೊಂಡು ಹೋಗುತ್ತಿದ್ದವರು ಎದುರು ಕಟ್ಟಡದ ವಸಂತಿ. ಉಡುಪಿ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು. ಲೈಬ್ರರಿಯಲ್ಲಿ ಕೆಲಸ. ಫೋನು, ಕಂಪ್ಯೂಟರು ತಿಳಿಯದೆ ಬರುವವರನ್ನು ಕೂರಿಸಿಕೊಂಡು ಸಹಾಯ ಮಾಡುವುದೂ ಅವರ ಕೆಲಸದಲ್ಲಿ ಸೇರಿತ್ತು. ಮಂಗಳವಾರ ಸಾಯಂಕಾಲ ತಮ್ಮ ಹಳೆಯ ಕಾರಿನ ಹಿಂದೆ ಕಲಿಯುವವರ ಹಸಿರು ಫಲಕ ಅಂಟಿಸಿ, ಕಾಂಚನಾಳನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ಊರೆಲ್ಲ ಸುತ್ತಿಸುತ್ತಿದ್ದರು. ಮೇ ತಿಂಗಳಲ್ಲಿ ಒಂದು ದಿನ ಲೈಬ್ರರಿಯಿಂದ ಕರಪತ್ರ ತಂದು ಮನೆಗೇ ಕೊಟ್ಟರು. ಕಂಪ್ಯೂಟರ್ ರಿಪೇರಿ ಮಾಡುತ್ತೇವೆಂದು ಫೋನಿನಲ್ಲಿ ಮೋಸ ಮಾಡುವವರು ಹೆಚ್ಚಿದ್ದಾರೆ, ಒಮ್ಮೆ ಓದಿಡಿ ಎಂದರು. ಅನಂತಕೃಷ್ಣ ಅದನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ. ಇದೆಲ್ಲ ಎಂಬತ್ತು ದಾಟಿದ ಅಜ್ಜಿಯರಿಗೆ ಆಗುವಂಥದ್ದು, ತಾನಿರುವ ಮನೆಯೊಳಗೆ ಇಂಥದ್ದು ಕಾಲಿಡುವುದಿಲ್ಲ ಎಂದ. ವಸಂತಿ ಕಾಫಿ ಕುಡಿದು ಹೋದರು.

ಜೂನ್ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಮೆಸೇಜು ಬರಲಿಲ್ಲ, ಕೆಲಸವಿರಲಿಲ್ಲ. ಇರಾ ಶಾಲೆಯಲ್ಲಿದ್ದಳು. ಕಾಂಚನಾ ಮಧ್ಯಾಹ್ನ ಮನೆಯ ಲ್ಯಾಪ್‌ಟಾಪ್ ತೆರೆದು ಲೈಸೆನ್ಸ್ ಪರೀಕ್ಷೆಯ ಪ್ರಶ್ನೆಗಳನ್ನು ಬಿಡಿಸುತ್ತಿದ್ದಳು. ಉಚಿತ ಪ್ರಶ್ನೆಗಳೆಂದು ಕಂಡ ಯಾವುದೋ ಪುಟವನ್ನು ಒತ್ತಿದಳು. ಪರದೆ ಇಡೀ ಕೆಂಪಾಯಿತು. ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ತಕ್ಷಣ ಫೋನ್ ಮಾಡಿ ಎಂದು ದೊಡ್ಡ ಅಕ್ಷರದಲ್ಲಿ ಬಂತು. ನಂಬರು ಸ್ಟಾಕ್‌ಹೋಮಿನದೇ, ಸೊನ್ನೆ ಎಂಟರಿಂದ ಶುರುವಾಗುವಂಥದ್ದು. ಅವಳು ಯಾವ ಕೀಲಿ ಒತ್ತಿದರೂ ಅದು ಹೋಗಲಿಲ್ಲ. ಗಂಡನಿಗೆ ಫೋನ್ ಮಾಡಿದಳು, ಮೀಟಿಂಗಿನಲ್ಲಿದ್ದವನು ಎತ್ತಲಿಲ್ಲ. ಪರದೆಯ ಮೇಲಿದ್ದ ನಂಬರಿಗೆ ಮಾಡಿದಳು.

ಆ ಕಡೆಯವನು ಇಂಗ್ಲಿಷಿನಲ್ಲಿ ಪಟಪಟನೆ ಶುರುಮಾಡಿದ. ಕಾಂಚನಾ ತಬ್ಬಿಬ್ಬಾಗಿ, "ಅಯ್ಯೋ ದೇವ್ರೇ, ಇವ್ನಿಗೆ ಏನಂತ ಹೇಳ್ಲಿ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅವನ ಇಂಗ್ಲಿಷು ಅಲ್ಲಿಗೇ ನಿಂತಿತು.

"ಮೇಡಂ, ನೀವು ಕನ್ನಡದವ್ರಾ?"

ಬೇರೆ ಯಾವ ದೇಶದ ಹೆಂಗಸಾದರೂ ಸ್ಟಾಕ್‌ಹೋಮಿನ ನಂಬರಿನಲ್ಲಿ ಕನ್ನಡ ಕೇಳಿಸಿದರೆ ಹುಬ್ಬೇರಿಸುತ್ತಿದ್ದಳು. ಕಾಂಚನಾಳಿಗೆ ಮಾತ್ರ ಅದು ವಿಚಿತ್ರ ಅನ್ನಿಸಲೇ ಇಲ್ಲ. ಅನಂತಕೃಷ್ಣನ ಕಂಪನಿಯ ಕಂಪ್ಯೂಟರ್ ಸಹಾಯವಾಣಿ ಇರುವುದೇ ಬೆಂಗಳೂರಿನಲ್ಲಿ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಅವನು ಅಲ್ಲಿಯ ಹುಡುಗರ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಆರು ವರ್ಷದಿಂದ ಕೇಳಿದ್ದಳು. ಕಂಪ್ಯೂಟರ್ ಕೆಟ್ಟರೆ ಸರಿಮಾಡುವವನು ಬೆಂಗಳೂರಿನಲ್ಲಿ ಇರುವುದು ಅವಳ ಪಾಲಿಗೆ ಲೋಕದ ನಿಯಮ. ಹಾಗಾಗಿ ಹೆದರುವ ಬದಲು ಅವಳಿಗೆ ಹೋದ ಜೀವ ಬಂದಂತಾಯಿತು. ನಮ್ಮವನೇ ಸಿಕ್ಕಿದ ಎಂದುಕೊಂಡಳು.

ಅವನ ಹೆಸರು ಮಯಾಂಕ್ ಅಂತೆ. ಹುಟ್ಟಿ ಬೆಳೆದದ್ದು ರಾಜಾಜಿನಗರವಂತೆ. ಎರಡು ನಿಮಿಷದಲ್ಲಿ ಮೇಡಂ ಹೋಗಿ ಅಕ್ಕ ಆಯಿತು. ಅಲ್ಲಿ ಅವರೆಕಾಳು ಸಿಗುತ್ತದೆಯೇ ಅಕ್ಕ, ಚಳಿಯಲ್ಲಿ ಹೇಗೆ ಇರುತ್ತೀರಿ, ಒಬ್ಬರೇ ಬೇಜಾರಾಗುವುದಿಲ್ಲವೇ ಎಂದೆಲ್ಲ ಕೇಳಿದ. ನಗಬೇಡಿ. ಆರು ವರ್ಷದಲ್ಲಿ ಅವಳನ್ನು ಬೇಜಾರಾಗುವುದಿಲ್ಲವೇ ಎಂದು ಕೇಳಿದವರು ಎಷ್ಟು ಜನ? ಕಾಂಚನಾ ಮನಸ್ಸು ಬಿಚ್ಚಿ ಮಾತಾಡಿದಳು. ಗಂಡನ ಕಂಪನಿ ಯಾವುದು, ಯಾವ ವಿಭಾಗ, ಮನೆಗೆ ಬರುವುದು ಎಷ್ಟು ಹೊತ್ತಿಗೆ, ಎಲ್ಲ ಅವನ ಕೈಗೆ ಸಿಕ್ಕಿತು. ಬೇಕಾದದ್ದು ಸಿಕ್ಕ ಮೇಲೆ ಅವನ ದನಿ ಇಳಿಯಿತು.

"ಅಕ್ಕ, ಭಾವನ ಆಫೀಸ್ ಲ್ಯಾಪ್‌ಟಾಪ್ ಕೂಡ ಇದೇ ವೈಫೈಗೆ ಕನೆಕ್ಟ್ ಆಗುತ್ತಾ?"

"ಮನೆಯಿಂದ ಕೆಲ್ಸ ಮಾಡೋ ದಿನ ಆಗುತ್ತೆ. ಯಾಕೆ?"

"ಹಾಗಿದ್ರೆ ಅದಕ್ಕೂ ಹತ್ತಿರುತ್ತೆ ಅಕ್ಕ. ಕಂಪ್ನಿಯವ್ರು ಚೆಕ್ ಮಾಡಿದ್ರೆ ನಿಮ್ಮನೆಯಿಂದ್ಲೇ ಬಂತು ಅಂತ ಗೊತ್ತಾಗುತ್ತೆ. ಭಾವ ವರ್ಕ್ ಪರ್ಮಿಟ್ ಮೇಲಿದ್ದಾರಾ?"

ಪರ್ಮಿಟ್ಟಿನ ನವೀಕರಣಕ್ಕೆ ಅರ್ಜಿ ಹಾಕಿ ಐದು ತಿಂಗಳಾಗಿತ್ತು, ಉತ್ತರ ಬಂದಿರಲಿಲ್ಲ. ಕೆಲಸ ಹೋದರೆ ಪರ್ಮಿಟ್ಟು ಹೋಗುತ್ತದೆ, ಪರ್ಮಿಟ್ಟು ಹೋದರೆ ಮನೆ, ಮಗಳ ಶಾಲೆ ಎಲ್ಲ ಗಂಟುಮೂಟೆ ಕಟ್ಟಬೇಕು. ನಮ್ಮವರ ಮನೆಗಳಲ್ಲಿ ಈ ಭಯ ಅನ್ನದ ಜೊತೆಗೇ ಬೇಯುತ್ತಿರುತ್ತದೆ. ಅದು ಆ ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು. ಭಾವನಿಗೆ ಈಗ ಫೋನ್ ಮಾಡಬೇಡಿ, ಆಫೀಸಿನಲ್ಲಿ ಎಲ್ಲ ರೆಕಾರ್ಡ್ ಆಗುತ್ತದೆ, ಕಾಲು ಗಂಟೆಯಲ್ಲಿ ನಾನೇ ಕ್ಲೀನ್ ಮಾಡಿಕೊಡುತ್ತೇನೆ ಎಂದ. ಅವನು ಹೇಳಿದ ಸಣ್ಣದೊಂದು ಆ್ಯಪನ್ನು ಕಾಂಚನಾ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಮೌಸಿನ ಬಾಣ ತಾನೇ ತಾನಾಗಿ ಓಡಾಡತೊಡಗಿತು. ಕೆಂಪು ಪರದೆ ಹೋಯಿತು, ಕೂಗು ನಿಂತಿತು. ಅವನು ನಿಜವಾಗಿಯೂ ಸರಿಮಾಡುತ್ತಿದ್ದಾನೆ ಎಂದು ಅವಳಿಗೆ ಸಮಾಧಾನವಾಯಿತು.

ಆಮೇಲೆ ಪರದೆಯ ಮೇಲೆ ಕಪ್ಪುಬಿಳುಪಿನ ಚೌಕ ಮೂಡಿತು. ಅವಳಿಗೆ ಚಿರಪರಿಚಿತವಾದ ಚೌಕ.

"ಇದನ್ನ ಸ್ಕ್ಯಾನ್ ಮಾಡಿ ಕೋಡ್ ಒತ್ತಿ ಅಕ್ಕ. ಓದ್ತಾ ಕೂತ್ಕೋಬೇಡಿ, ಟೈಮ್ ಔಟ್ ಆಗಿಬಿಡುತ್ತೆ."

ಗಂಡ ಹೇಳುತ್ತಿದ್ದುದೂ ಇಷ್ಟನ್ನೇ. ಅವಳ ಕೈ ತಲೆಯನ್ನು ಕೇಳಲಿಲ್ಲ. ಒತ್ತಿದಳು. ಇನ್ನೊಮ್ಮೆ ಅಕ್ಕ ಎಂದ, ಒತ್ತಿದಳು. ಒಟ್ಟು ನಾಲ್ಕು ಸಲ. ಮೊದಲನೆಯದು ಅವಳ ಖಾತೆಯ ಬಾಗಿಲು ತೆಗೆಯಿತು. ಉಳಿದ ಮೂರು ಸಲವೂ ಫೋನಿನಲ್ಲಿ, ಕೋಡ್ ಹಾಕುವ ಜಾಗದ ಮೇಲೆ, ಎಷ್ಟು ಹಣ ಯಾರ ಖಾತೆಗೆ ಹೋಗುತ್ತಿದೆ ಎಂದು ಸ್ವೀಡಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಭಾಷೆ ಅವಳಿಗೆ ಬರುತ್ತಿತ್ತು. ಮೂರು ಚಳಿಗಾಲ ಒದ್ದಾಡಿ ಕಲಿತ ಭಾಷೆ. ಕಣ್ಣು ಹಾಯಿಸಿದ್ದರೆ ಸಾಕಿತ್ತು. ಹಾಯಿಸಲಿಲ್ಲ, ಏಕೆಂದರೆ ಆರು ವರ್ಷದಲ್ಲಿ ಒಮ್ಮೆಯೂ ಹಾಯಿಸಿರಲಿಲ್ಲ.

ಮಯಾಂಕ್ ಎಲ್ಲ ಕ್ಲೀನ್ ಆಯಿತು, ಎರಡು ದಿನ ಲ್ಯಾಪ್‌ಟಾಪ್ ಆನ್ ಮಾಡಬೇಡಿ ಎಂದು ಹೇಳಿ ಫೋನಿಟ್ಟ. ಇಡುವ ಮುಂಚೆ ಕಾಂಚನಾ ಅವನಿಗೆ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಪ್ಪ ಎಂದು ಹರಸಿದಳು. ಇವತ್ತಿಗೂ ಅವಳಿಗೆ ಹಣ ಹೋದದ್ದಕ್ಕಿಂತ ಆ ಹಾರೈಕೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಐದು ಗಂಟೆಗೆ ಅನಂತಕೃಷ್ಣ ಬಂದ. ನಿಮ್ಮ ಕೆಲಸ ಉಳಿಸಿದೆ ಎನ್ನುವ ಹೆಮ್ಮೆಯಲ್ಲಿ ಕಾಂಚನಾ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು. ಅವಳ ಫೋನ್ ಕಿತ್ತುಕೊಂಡು ಖಾತೆ ತೆರೆದು ನೋಡಿದ. ಖಾತೆಯಿಂದ ತೆಗೆಯಬಹುದಾದ ಹಣ ಸೊನ್ನೆ ಎಂದಿತ್ತು. ಅದನ್ನು ನೋಡಿದವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿಬಿಟ್ಟ. ಓದದೆ ಯಾಕೆ ಒತ್ತಿದೆ ಎಂದು ಅವಳಿಗೆ ಬೈದವನು ತಾನೂ ಆ ಸೊನ್ನೆಯ ಕೆಳಗೆ ಬರೆದದ್ದನ್ನು ಓದಲಿಲ್ಲ.

"ಬ್ಯಾಂಕಿಗೆ ಫೋನ್ ಮಾಡೋಣ್ವಾ ರೀ?" ಎಂದಳು ಕಾಂಚನಾ.

"ಮಾಡಿ ಏನಂತ ಹೇಳ್ತೀಯ? ನೀನೇ ಸೈನ್ ಮಾಡಿದ್ದೀಯ. ಪೊಲೀಸು, ಕೇಸು ಅಂತಾದ್ರೆ ಆಫೀಸಿಗೆ ಗೊತ್ತಾಗುತ್ತೆ. ನಾನು ಸೆಕ್ಯುರಿಟಿ ಟೀಮಲ್ಲಿರೋನು ಕಣೇ, ಯಾರಿಗೆ ಮುಖ ತೋರಿಸ್ಲಿ? ಯಾರಿಗೂ ಹೇಳ್ಬೇಡ. ವೀಕೆಂಡ್ ಕೊಡು, ಅವನು ಎಲ್ಲಿದ್ದಾನೆ ಅಂತ ನಾನೇ ಟ್ರೇಸ್ ಮಾಡ್ತೀನಿ."

ಶನಿವಾರ ಇಡೀ ಟ್ರೇಸ್ ಮಾಡಿದ. ಭಾನುವಾರ ಮಧ್ಯಾಹ್ನದವರೆಗೂ ಟ್ರೇಸ್ ಮಾಡಿದ. ಕಾಂಚನಾ ಅವನು ಕೂತಲ್ಲಿಗೇ ತಟ್ಟೆ ತಂದಿಟ್ಟು, ಏನಾದರೂ ಸಿಕ್ಕಿತೇ ಎಂದು ಅವನ ಮುಖ ನೋಡಿದಳು. ಸಿಕ್ಕಿದ್ದಿಷ್ಟೆ: ಆ ನಂಬರು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದದ್ದು, ಅವನು ಸ್ಟಾಕ್‌ಹೋಮಿನಲ್ಲಿ ಇದ್ದಿರಲೇಬೇಕೆಂದಿಲ್ಲ. ಇದನ್ನು ಕಂಡುಹಿಡಿಯಲು ಎರಡು ದಿನ. ಕೊನೆಗೆ ಸಿಟ್ಟಿಗೆದ್ದು, ವೈರಸ್ ಉಳಿದಿರಬಾರದೆಂದು ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಟ್ಟ. ಆಗಿದ್ದಾಯ್ತು, ಪಾಠ ಕಲಿತೆವು ಅಂದುಕೋ ಎಂದ. ಲೈಸೆನ್ಸಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮಂಗಳವಾರ ಸಾಯಂಕಾಲ ವಸಂತಿ ಕಾರು ತಂದು ಕೆಳಗೆ ನಿಲ್ಲಿಸಿದರು. ಕಾಂಚನಾ ಇಳಿದು ಬಂದು, ಅಭ್ಯಾಸ ಸಾಕು ಅಕ್ಕ, ಲೈಸೆನ್ಸ್ ಈ ವರ್ಷ ಬೇಡ ಅನ್ನಿಸಿತು ಎಂದಳು. ವಸಂತಿ ಅವಳ ಮುಖವನ್ನೊಮ್ಮೆ ನೋಡಿ ಕಾರಿನ ಬಾಗಿಲು ತೆರೆದರು. ಒಳಗೆ ಕೂತದ್ದೇ ತಡ, ಕಾಂಚನಾ ಸೆರಗಿಲ್ಲದ ಮೇಲೆ ಜಾಕೆಟ್ಟಿನ ತೋಳಿಗೇ ಮುಖವೊತ್ತಿ ಅತ್ತುಬಿಟ್ಟಳು. ಎಲ್ಲ ಹೊರಗೆ ಬಂತು.

ವಸಂತಿ ಬೈಯಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ.

"ಬ್ಯಾಂಕಿಗೆ ಫೋನ್ ಮಾಡಿದ್ದೀರಾ ಮಾರಾಯ್ತಿ?"

"ಇಲ್ಲಕ್ಕ."

"ಶುಕ್ರವಾರದಿಂದ ಇಲ್ವಾ? ಈಗ್ಲೇ ಮಾಡಿ. ನಾನು ಮಾಡ್ಲಿಕ್ಕಾಗುದಿಲ್ಲ, ಖಾತೆ ನಿಮ್ದು. ನಿಮ್ಗೆ ಸ್ವೀಡಿಷ್ ಬರ್ತದೆ, ಮಾತಾಡಿ."

ಕಾಂಚನಾ ತನ್ನ ಜೀವನದಲ್ಲಿ ಮೊದಲ ಬಾರಿಗೆ ತಾನಾಗಿ ಬ್ಯಾಂಕಿಗೆ ಫೋನ್ ಮಾಡಿದಳು. ಎತ್ತಿದ ಹೆಂಗಸು ತಾಳ್ಮೆಯವಳು. ಮೊದಲು ಖಾತೆಯನ್ನೂ ಬ್ಯಾಂಕ್‌ಐಡಿಯನ್ನೂ ಮುಚ್ಚಿಸಿದಳು. ಆಮೇಲೆ ಮೋಸ ನಡೆದದ್ದು ನಿಮಗೆ ಗೊತ್ತಾದದ್ದು ಯಾವಾಗ ಎಂದು ಕೇಳಿದಳು. ಶುಕ್ರವಾರ ಸಾಯಂಕಾಲ ಐದಕ್ಕೆ ಎಂದಳು ಕಾಂಚನಾ. ಅವಳು ಕೀಲಿಮಣೆ ಕುಟ್ಟಿ ಖಾತೆಯ ಲೆಕ್ಕ ನೋಡಿದಳು. ನಂತರ ಆ ಹೆಂಗಸು ಹೇಳಿದ್ದು ಹೀಗೆ. ಮೂರು ಸಲ ಹಣ ಕಳಿಸಲು ಸಹಿ ಬಿದ್ದಿದೆ. ಮೊದಲ ಎರಡು ಸಣ್ಣವು, ಅವು ಅಂದೇ ಹೋಗಿವೆ. ಮೂರನೆಯದು ಇಪ್ಪತ್ತೊಂಬತ್ತು ಸಾವಿರ. ಅದು ಬೇರೆ ಬ್ಯಾಂಕಿಗೆ ಹೋಗಬೇಕಾದದ್ದು, ಶುಕ್ರವಾರದ ಸಮಯ ಮೀರಿದ್ದರಿಂದ ವಾರಾಂತ್ಯವಿಡೀ, ಕಳಿಸಬೇಕಾದ ಪಾವತಿ ಎಂದು ನಿಮ್ಮ ಖಾತೆಯಲ್ಲೇ ಕಾಯುತ್ತಾ ಕೂತಿತ್ತು. ಸೋಮವಾರ ಬೆಳಿಗ್ಗೆ ಹೊರಟಿತು. ಖಾತೆ ಮುಚ್ಚಿಸುವ ನಮ್ಮ ಫೋನ್ ಸೇವೆ ಭಾನುವಾರವೂ ತೆರೆದಿರುತ್ತದೆ. ನೀವು ಕರೆ ಮಾಡಿದ್ದರೆ ಅದನ್ನು ನಿಲ್ಲಿಸುತ್ತಿದ್ದೆವು.

ಕಾಂಚನಾ ತಾಕ್ ಎಂದು ಸ್ವೀಡಿಷಿನಲ್ಲಿ ಧನ್ಯವಾದ ಹೇಳಿ ಫೋನಿಟ್ಟಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಳ್ಳನ ಮೇಲಲ್ಲ. ಅವನು ಕಳ್ಳ, ಕದಿಯುವುದು ಅವನ ಕಸುಬು. ಎರಡು ದಿನ ತಟ್ಟೆ ತಂದಿಟ್ಟಳಲ್ಲ, ಆ ಮೇಜಿನ ಮುಂದೆ ಕೂತವನ ಮೇಲೆ ಬಂತು. ಅವನ ಮರ್ಯಾದೆ ಕಾಯಲು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ ತನ್ನ ಮೇಲೂ ಬಂತು.

ಮನೆಗೆ ಹೋಗಿ ಬ್ಯಾಂಕಿನವಳು ಹೇಳಿದ್ದನ್ನು ಹಾಗೇ ಒಪ್ಪಿಸಿದಳು. ಅನಂತಕೃಷ್ಣ ಮೊದಲು ನಂಬಲಿಲ್ಲ. ಬ್ಯಾಂಕಿನವರು ಹಾಗೇ ಹೇಳಿ ಜಾರಿಕೊಳ್ಳುತ್ತಾರೆ ಎಂದ. ಅವಳು ಫೋನ್ ತೆರೆದು ಬ್ಯಾಂಕಿನವಳು ಕಳಿಸಿದ್ದ ಖಾತೆಯ ಪುಟವನ್ನು ಅವನ ಮುಂದಿಟ್ಟಳು. ಮೂರನೆಯ ಸಾಲಿನಲ್ಲಿ ಸೋಮವಾರದ ತಾರೀಖು ಇತ್ತು. ಅವನು ಅದನ್ನು ಎರಡು ಸಲ ಓದಿದ. ಆಮೇಲೆ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. ಅವಳು ಕರೆಯಲಿಲ್ಲ.

ಮುಂದಿನದ್ದನ್ನು ಉದ್ದ ಮಾಡುವುದು ಬೇಡ. ಪೊಲೀಸರಿಗೆ ದೂರು ಕೊಟ್ಟರು. ಲ್ಯಾಪ್‌ಟಾಪಿನಲ್ಲಿ ಅವನು ಹಾಕಿಸಿದ ಆ್ಯಪು, ಅದರ ಗುರುತು ಏನಾದರೂ ಇದೆಯೇ ಎಂದು ಅವರು ಕೇಳಿದರು. ಎಲ್ಲ ಅಳಿಸಿ ಶುದ್ಧ ಮಾಡಿದ್ದಾಗಿತ್ತಲ್ಲ. ಐದು ವಾರದ ಮೇಲೆ ತನಿಖೆ ಮುಚ್ಚಿದ್ದೇವೆಂದು ಪತ್ರ ಬಂತು. ಅದೇ ವಾರ ಬ್ಯಾಂಕಿನ ಪತ್ರವೂ ಬಂತು. ನೀವೇ ಸಹಿ ಹಾಕಿದ್ದೀರಿ, ಗೊತ್ತಾದ ಮೇಲೂ ನಾಲ್ಕು ದಿನ ತಿಳಿಸಲಿಲ್ಲ, ಹಣ ಕೊಡಲಾಗುವುದಿಲ್ಲ ಎಂದಿತ್ತು. ಅನಂತಕೃಷ್ಣನ ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಅವನ ಪರ್ಮಿಟ್ಟು ಜುಲೈನಲ್ಲಿ ಯಾವ ತಕರಾರೂ ಇಲ್ಲದೆ ಬಂತು. ಎರಡು ದಿನ ಅವನು ಹೆದರಿ ಕೂತದ್ದು ಸುಮ್ಮಸುಮ್ಮನೆ. ತರಬೇತಿಗೆ ದುಡ್ಡು ಹೊಂದಿಸುವ ಹೊತ್ತಿಗೆ ಡ್ರೈವಿಂಗ್ ಶಾಲೆಯ ಜಾಗ ತುಂಬಿತ್ತು, ಮುಂದಿನದು ಅಕ್ಟೋಬರಿನಲ್ಲಿ ಎಂದರು. ಆಗಸ್ಟ್ ಮುಗಿಯಿತು. ಹುದ್ದೆ ಬೇರೊಬ್ಬಳಿಗೆ ಹೋಯಿತು. ಕಾಂಚನಾ ಈಗಲೂ ಬೆಳಿಗ್ಗೆ ಆರಕ್ಕೆ ಮೆಸೇಜು ಕಾಯುತ್ತಾಳೆ.

ಸೆಪ್ಟೆಂಬರಿನ ಮೊದಲ ಭಾನುವಾರ ಇಲ್ಲಿಯ ಕನ್ನಡ ಹೆಂಗಸರ ಬಳಗದ ಸಭೆ. ಕಟ್ಟಡದ ಕೆಳಗಿರುವ, ನಿವಾಸಿಗಳೆಲ್ಲ ಬಳಸುವ ಕೊಠಡಿಯಲ್ಲಿ ಇಪ್ಪತ್ತು ಜನ ಸೇರಿದ್ದರು, ಕೆಲವರ ಗಂಡಂದಿರೂ ಇದ್ದರು. ಕಾಫಿ, ಕೋಡುಬಳೆ ಇತ್ತು. ಈ ವಿಷಯ ಮಾತಾಡಿ ಎಂದು ವಸಂತಿ ಕಾಂಚನಾಳನ್ನು ಕೇಳಿದ್ದರು. ಅನಂತಕೃಷ್ಣ ತಾನೇ ಮ್ಯಾನೇಜ್ ಮಾಡುತ್ತೇನೆ ಎಂದು ಮುಂದೆ ಬಂದ. ಲ್ಯಾಪ್‌ಟಾಪ್ ಹಚ್ಚಿ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟ. ನಮಗೆ ಪರಿಚಯದ ಒಬ್ಬ ಮಹಿಳೆಗೆ ಹೀಗಾಯಿತು, ಆಕೆಗೆ ತಂತ್ರಜ್ಞಾನದ ಅರಿವು ಕಡಿಮೆ ಎಂದು ಶುರುಮಾಡಿದ.

ಕಾಂಚನಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಒಂದು ಚಿತ್ರ ಹೋಯಿತು, ಎರಡು ಹೋಯಿತು. ಮೂರನೆಯದಕ್ಕೆ ಅವಳು ಎದ್ದು ನಿಂತಳು.

"ಪರಿಚಯದೋರು ಅಂತ ಯಾರೂ ಇಲ್ಲ. ಆ ಹೆಂಗಸು ನಾನೇ. ಓದ್ದೆ ಒತ್ತಿದ್ದು ನಾನು, ಅದು ನನ್ನ ತಪ್ಪು. ಆದ್ರೆ ಶುಕ್ರವಾರ ಸಾಯಂಕಾಲದಿಂದ ಸೋಮವಾರ ಬೆಳಿಗ್ಗೆವರೆಗೂ ಒಂದು ಫೋನ್ ಮಾಡಿದ್ರೆ ನಂಗೆ ಲೈಸೆನ್ಸ್ ಆಗ್ತಿತ್ತು, ಕೆಲ್ಸ ಸಿಗ್ತಿತ್ತು. ಮಾಡ್ಲಿಲ್ಲ. ಅದು ಕಳ್ಳ ಮಾಡಿದ್ದಲ್ಲ, ನಮ್ಮನೇಲಿ ನಾವೇ ಮಾಡ್ಕೊಂಡಿದ್ದು."

ಆಗ ಕೆಳಮಹಡಿಯ ಲಾವಣ್ಯಾ ಬಾಯಿ ತೆರೆದಳು. ಅವಳೂ ಕಾಂಚನಾಳ ಡಾಗಿಸಿನಲ್ಲೇ ದುಡಿಯುವವಳು, ಇಬ್ಬರೂ ಒಂದೇ ರೈಲಿನಲ್ಲಿ ಹೋಗಿ ಬರುವವರು. ಅವಳ ಕಣ್ಣು ನೆಲದ ಮೇಲಿತ್ತು.

"ನಂಗೂ ಆಗಿದೆ ಕಾಂಚನಾ. ಮಾರ್ಚಲ್ಲಿ. ಅವ್ನೂ ಮಯಾಂಕ್ ಅಂತ್ಲೇ ಹೇಳಿದ್ದು. ಅಕ್ಕ ಅಕ್ಕ ಅಂತ್ಲೇ ಮಾತಾಡಿದ್ದು."

ಮಾರ್ಚ್. ಕಾಂಚನಾ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಮಾರ್ಚಿನಿಂದ ಜೂನಿನವರೆಗೆ ಇಬ್ಬರೂ ಅಕ್ಕಪಕ್ಕ ಕೂತು ಎಷ್ಟು ಸಲ ರೈಲಿನಲ್ಲಿ ಹೋಗಿದ್ದರೋ. ಸೊಪ್ಪಿನ ಬೆಲೆ ಮಾತಾಡಿದ್ದರು, ಮಕ್ಕಳ ಜ್ವರ ಮಾತಾಡಿದ್ದರು. ಅವಳಿಗೆ ಲಾವಣ್ಯಾಳ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು.

"ಒಂದ್ಮಾತು ಯಾಕೆ ಹೇಳ್ಲಿಲ್ಲ ನಂಗೆ?"

"ಇವ್ರು ಯಾರಿಗೂ ಹೇಳ್ಬೇಡ ಅಂದ್ರು."

ಕಾಂಚನಾ ಕೂತಳು. ತಾನು ಏನೆಂದು ಬೈಯಬೇಕು? ವಸಂತಿ ಕಾರಿನ ಬಾಗಿಲು ತೆರೆಯದಿದ್ದರೆ ತಾನೂ ಯಾರಿಗೂ ಹೇಳುತ್ತಿರಲಿಲ್ಲ. ಹಾಗಾದರೆ ಮುಂದಿನ ಕೆಂಪು ಪರದೆ ಈ ಕೊಠಡಿಯಲ್ಲಿರುವ ಇನ್ಯಾರ ಮನೆಯಲ್ಲಿ ಕೂಗುತ್ತಿತ್ತೋ.

ಅನಂತಕೃಷ್ಣ ಲ್ಯಾಪ್‌ಟಾಪ್ ಮುಚ್ಚಿದ. ಗೋಡೆ ಖಾಲಿಯಾಯಿತು. ಅವನ ಮುಖ ಕೆಂಪಾಗಿತ್ತು, ದನಿ ಸಣ್ಣದಾಗಿತ್ತು.

"ಹೇಳ್ಬೇಡ ಅಂತ ನಾನೂ ಅಂದೆ. ನಾಚ್ಕೆ ಆಯ್ತು, ಅದಕ್ಕೆ ಅಂದೆ. ನನ್ನ ನಾಚ್ಕೆಗೆ ಇವಳ ಕೆಲ್ಸ ಹೋಯ್ತು. ನೀವ್ಯಾರೂ ಹಾಗೆ ಮಾಡ್ಬೇಡಿ."

ಆ ದಿನದಿಂದ ಅವರ ಮನೆಯಲ್ಲಿ ಅನಂತಕೃಷ್ಣ ಒತ್ತು ಎನ್ನುವುದಿಲ್ಲ, ಓದು ಎನ್ನುತ್ತಾನೆ. ಕಾಂಚನಾ ಒಲೆ ಆರಿಸಿ, ಕೂತು, ಪ್ರತಿಯೊಂದು ಪದವನ್ನೂ ಗಟ್ಟಿಯಾಗಿ ಓದುತ್ತಾಳೆ. ಅವನು ಕಾಯುತ್ತಾನೆ. ತಡವಾದರೆ ಆಗಲಿ.

ಈಗ ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ. ಸೊಲ್ಲೆಂಟುನಾ ಇರಲಿ, ಮಾಲ್ಮೋ ಇರಲಿ, ಉಮೆಯೊ ಇರಲಿ, ಪರದೆ ಕೆಂಪಾಗಿ ಕೂಗಿದರೆ ಅದರ ಮೇಲಿನ ನಂಬರಿಗೆ ಫೋನ್ ಮಾಡಬೇಡಿ. ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆಫ್ ಮಾಡಿ, ಅದರಿಂದ ಏನೂ ಮುಳುಗುವುದಿಲ್ಲ. ಕಂಪ್ಯೂಟರ್ ಸರಿಮಾಡುತ್ತೇವೆಂದು ತಾವಾಗಿ ಫೋನ್ ಮಾಡುವವರು ಯಾರೇ ಇರಲಿ, ಯಾವ ಭಾಷೆಯಲ್ಲೇ ಮಾತಾಡಲಿ, ಅಕ್ಕ ಎನ್ನಲಿ, ಅಮ್ಮ ಎನ್ನಲಿ, ಇಟ್ಟುಬಿಡಿ. ಅಪರಿಚಿತರು ಹೇಳಿದ ಆ್ಯಪನ್ನು ಹಾಕಿಕೊಳ್ಳಬೇಡಿ. ಬ್ಯಾಂಕ್‌ಐಡಿಯಲ್ಲಿ ಬರೆದದ್ದನ್ನು ಓದಿ, ಅರ್ಥವಾಗದಿದ್ದರೆ ಒತ್ತಬೇಡಿ, ಗಂಡ ಹೇಳಿದರೂ ಒತ್ತಬೇಡಿ. ಗಂಡಂದಿರೇ, ಹೆಂಡತಿ ಓದುತ್ತೇನೆಂದರೆ ಅವಸರ ಮಾಡಬೇಡಿ. ಕೈ ತಪ್ಪಿ ಒತ್ತಿಯೇಬಿಟ್ಟರೆ ಆ ನಿಮಿಷವೇ ಬ್ಯಾಂಕಿಗೆ ಫೋನ್ ಮಾಡಿ ಖಾತೆ ಮುಚ್ಚಿಸಿ. ಆಮೇಲೆ ಪೊಲೀಸರಿಗೆ, 114 14. ಕಂಪ್ಯೂಟರಿನಲ್ಲಿ ಏನನ್ನೂ ಅಳಿಸಬೇಡಿ.

ಇನ್ನೊಂದು ಉಳಿಯಿತು. ನಿಮ್ಮಲ್ಲಿ ಯಾರಿಗಾದರೂ ಇದು ಆಗಲೇ ಆಗಿರಬಹುದು. ಯಾರಿಗೂ ಹೇಳಿರಲಿಕ್ಕಿಲ್ಲ. ನಿಮ್ಮ ಜೊತೆ ರೈಲಿನಲ್ಲಿ ಪಕ್ಕದಲ್ಲಿ ಕೂರುವವಳಿಗೆ ನಾಳೆ ಬೆಳಿಗ್ಗೆ ಹೇಳಿ.